ಎರಡು ದಡದ ರಾಡಿನೀರು

ಇದು ಆಗದ ಕೆಲಸ ಎಂದು ಮೊದಲು ಹೇಳಿದವರು ಇರಕಲ್ಲಗಡದ ನಮ್ಮ ಸೋದರಮಾವ ಭೀಮಪ್ಪ. "ಹೊಳಿ ಆಚಿಗಿ ಇಂಗ್ರೇಜಿ ಸರಕಾರ, ಈಚಿಗಿ ನಿಜಾಮ ಸರಕಾರ. ಎರಡೂ ಕೂಡಿ ಒಂದ ಹೊಳಿ ನೀರ ಅಳೀತಾವಂತ? ಓದಿ ನಿನ್ನ ತಲಿ ತಿರುಗೇತಿ," ಎಂದಿದ್ದರು.

ಅದು 1941ರ ಮುಂಗಾರು. ನಮ್ಮ ಮನೆತನದ ಮೊದಲ ಬಿ.ಎಸ್ಸಿ. ನಾನೇ, ಮಾವ ನೇಗಿಲು ಹಿಡಿದು ನನ್ನನ್ನು ಓದಿಸಿದ್ದರು. ಗಂಗಾವತಿ ತಾಲೂಕಿನ ತುಂಗಭದ್ರೆಯ ದಂಡೆಯಲ್ಲಿ ನನಗೆ ಸೈನ್ಸ್ ಅಸಿಸ್ಟೆಂಟ್ ಎಂಬ ಹಂಗಾಮಿ ಹುದ್ದೆ. ಮುಂದೆ ಕಟ್ಟಬೇಕೆಂದಿದ್ದ ಅಣೆಕಟ್ಟಿನಲ್ಲಿ ಎಷ್ಟು ಹೂಳು ತುಂಬೀತು ಎಂದು ತಿಳಿಯಬೇಕಿತ್ತು. ಅದಕ್ಕಾಗಿ ಎರಡೂ ಕಡೆಯವರು ನಡುಹೊಳೆಯಿಂದ ದಿನಕ್ಕೊಂದು ಬಾಟಲಿ ನೀರು ತಂದು, ಸೋಸಿ, ಉಳಿದ ಮಣ್ಣನ್ನು ಒಣಗಿಸಿ ತೂಗುವುದು. ಇದಕ್ಕೆ ಸಿಲ್ಟ್ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಮಳೆಗಾಲ ಮುಗಿದ ಮೇಲೆ ಎರಡು ಪಟ್ಟಿ ಜೋಡಿಸಿ ಒಂದೇ ವರದಿ.

ನಮ್ಮ ಕಡೆ ನೀರು ತರುತ್ತಿದ್ದವನು ಹರಿಗೋಲಿನ ಅಂಬಿಗ ತಿಪ್ಪಣ್ಣ. ನಾನು ದಂಡೆಯ ಮೇಲೆ ಕೊಡೆ ಹಿಡಿದು ವೇಳೆ ಬರೆದುಕೊಳ್ಳುತ್ತಿದ್ದೆ. ಹರಿಗೋಲು ಹತ್ತುವುದು ಗ್ರಾಜುಯೇಟನ ಕೆಲಸವಲ್ಲ ಎಂದು ನನ್ನ ಭಾವನೆ.

ನಾಲ್ಕು ತಿಂಗಳು, ಜ್ವರ ಬಂದಾಗಲೂ, ಒಂದು ದಿನ ತಪ್ಪಿಸಲಿಲ್ಲ. ಕೊನೆಗೆ ಪಟ್ಟಿ ಜೋಡಿಸಿದರೆ, ಅವರ ಬಾಟಲಿಯಲ್ಲಿದ್ದ ಮಣ್ಣಿನ ಮೂರರಲ್ಲೊಂದು ಪಾಲೂ ನಮ್ಮದರಲ್ಲಿ ಇರಲಿಲ್ಲ. ಹೊಳೆ ಒಂದೇ, ಜಾಗವೂ ಒಂದೇ.

ನಮ್ಮ ಮೇಲಿನ ಸಾಹೇಬರು ಕರೆದು, "ಆಚಿಯವರು ನಡುಹೊಳಿ ಬಿಟ್ಟು ದಂಡಿ ಮ್ಯಾಲಿನ ರಾಡಿ ತುಂಬ್ಯಾರಂತ ಬರದು ದಸ್ಕತ್ ಮಾಡ್ರಿ. ನಿಮ್ಮ ನೌಕರಿ ಪಕ್ಕಾ ಆಗೂದು ಈ ವರದಿ ಮ್ಯಾಲೆ ಐತಿ," ಎಂದರು.

ದಸ್ಕತ್ತು ಮಾಡುವ ಮೊದಲು, ಒಮ್ಮೆ ನೋಡೋಣವೆಂದು, ಎಂದಿನಂತೆ ನೀರು ತಾ ಎಂದು ತಿಪ್ಪಣ್ಣನಿಗೆ ಹೇಳಿ ನಾನೂ ಹರಿಗೋಲು ಹತ್ತಿದೆ. ತಿಪ್ಪಣ್ಣ ನಡುಹೊಳೆಯಲ್ಲಿ ಬಾಟಲಿ ತುಂಬಿದ. ಆಮೇಲೆ ಒಂದು ಬಂಡೆಯ ಮರೆಗೆ ಹರಿಗೋಲು ನಿಲ್ಲಿಸಿ ಬೀಡಿ ಹಚ್ಚಿದ. ಅರ್ಧ ತಾಸು ಕಳೆದ ಮೇಲೆ, ಕೆಳಗೆ ನಿಂತ ಮಣ್ಣು ಕದಡದಂತೆ ಮೇಲಿನ ನೀರನ್ನು ಇನ್ನೊಂದು ಬಾಟಲಿಗೆ ಬಸಿದ.

"ತಿಪ್ಪಣ್ಣ, ಇದೇನ್ ಮಾಡಾಕತ್ತೀ?"

"ರಾಡಿ ನೀರು ಸಾಹೇಬ್ರ ಕೈಯಾಗ ಹೆಂಗ ಕೊಡೂದ್ರಿ? ಮನಿಗಿ ಬಂದವರಿಗಿ ಬಸದ ಕೊಡತೀವಲ್ರಿ, ಹಂಗ."

"ಎಂದಿನಿಂದ ಹಿಂಗ?"

"ಮೊದಲನೇ ದಿನದಿಂದ್ರಿ. ಒಂದ ದಿನಾನೂ ರಾಡಿ ಕೊಟ್ಟಿಲ್ಲ," ಎಂದವನು ನನ್ನ ಮುಖ ನೋಡಿ, "ತಪ್ಪಾತೇನ್ರಿ?" ಎಂದ.

ಮಣ್ಣೇ ಬೇಕಾಗಿತ್ತು ಎಂದು ನಾನು ಅವನಿಗೆ ಒಂದು ದಿನವೂ ಹೇಳಿರಲಿಲ್ಲ.

ಎರಡು ದಿನ ಕಾಗದ ಮುಂದಿಟ್ಟುಕೊಂಡು ಕೂತೆ. ನಮ್ಮ ಪಟ್ಟಿಯ ಕಡಿಮೆ ಲೆಕ್ಕವನ್ನು ನಂಬಿ ಕಟ್ಟಿದರೆ ಅಣೆಕಟ್ಟಿನಲ್ಲಿ ಅಂದುಕೊಂಡದ್ದಕ್ಕಿಂತ ಬೇಗ ಹೂಳು ತುಂಬೀತು. ನಿಜ ಬರೆದರೆ ನನ್ನ ನೌಕರಿ ಹೋದೀತು. ಕೊನೆಗೆ ಬರೆದೆ: ನಮ್ಮ ಪಟ್ಟಿ ತಪ್ಪು, ತಪ್ಪು ನನ್ನದು, ಮುಂದಿನ ಮಳೆಗಾಲ ಮತ್ತೆ ಅಳೆಯಬೇಕು. ತಿಪ್ಪಣ್ಣನ ಹೆಸರು ಹಾಕಲಿಲ್ಲ.

ನನ್ನ ನೌಕರಿ ಕಾಯಂ ಆಗುವುದು ನಿಂತಿತು. ಸಾಹೇಬರು ವರ್ಷವಿಡೀ ನನ್ನೊಡನೆ ಮಾತಾಡಲಿಲ್ಲ. ಆಚೆ ದಡದ ಇಂಜಿನಿಯರರು ಮಾತ್ರ, "ಇನ್ನು ಮುಂದೆ ಇಬ್ಬರೂ ಒಂದೇ ಹರಿಗೋಲಿನಲ್ಲಿ ಹೋಗೋಣ," ಎಂದು ಬರೆದರು. ಹಾಗೆಯೇ ಹೋದೆವು. ಹುಟ್ಟು ಹಾಕಿದವನು ತಿಪ್ಪಣ್ಣ. ಎರಡು ಪಟ್ಟಿಗಳೂ ಹೊಂದಿದವು.

ಆ ಮೇಲೆ ನಾನು ಎಷ್ಟೋ ಹೊಳೆ ಅಳೆದೆ. ಬಾಟಲಿ ತುಂಬುವ ಮನುಷ್ಯನ ಪಕ್ಕದಲ್ಲಿ ಕೂರದೆ ಒಂದು ಅಂಕಿಯನ್ನೂ ಬರೆಯಲಿಲ್ಲ. ಕೆಲಸ ಕಲಿಸಿದ್ದು ಅಷ್ಟೇ. ಅಷ್ಟು ಕಲಿಯುವುದಕ್ಕೇ ಸಾಕಷ್ಟು ದಣಿದೆ.

ಒಂದೇ ಹರಿಗೋಲಿನಲ್ಲಿ ಹೋದ ಆ ಎರಡನೆಯ ಮಳೆಗಾಲ ಮುಗಿದಾಗ ಎರಡೂ ದಡದ ಮುದ್ರೆ ಒತ್ತಿದ ಸರ್ಟಿಫಿಕೇಟು ಬಂತು. ಇರಕಲ್ಲಗಡಕ್ಕೆ ಒಯ್ದು ಮಾವನ ಕೈಗೆ ಕೊಟ್ಟೆ. ಓದಲು ಬಾರದವರು, ಮುದ್ರೆಗಳನ್ನು ಬೆರಳಿನಿಂದ ಸವರಿದರು.

"ಏನಂತ ಬರದಾರ?"

"ಹ್ವಾದ ವರ್ಷದ್ದು ತಪ್ಪಿತ್ತು, ಅದನ್ನ ನಾನ ಹೇಳಿದ್ನಿ ಅಂತ, ಮಾವ."

ಮಾವ ಕಾಗದವನ್ನು ಮಡಚದೆ ನನ್ನ ಕೈಗೆ ಮರಳಿ ಕೊಟ್ಟರು.

"ತಪ್ಪಾತು ಅಂದ್ರ ನಮ್ಮಂಥವರಿಗಿ ಬೈಗಳ ಸಿಗತಾವು. ನಿನಗ ಕಾಗದ ಸಿಕ್ಕೈತಿ. ಓದಿದ್ದು ಛಲೋ ಆತು ತಗೊ."