ದೊಡ್ಡಮ್ಮನ ಫೋಟೋದ ಮೇಲಿನ ಸಹಿ

ಆ ಆರು ಸಹಿಗಳೂ ನನ್ನವು. ನ್ಯಾಮತಿಯ ಟೈಲರ್ ಚಂದ್ರಮ್ಮ ಗಾಜಿನ ಕಟ್ಟು ಹಾಕಿಸಿ ಹೊಲಿಗೆ ಮಿಷನ್ನಿನ ಮೇಲ್ಗಡೆ ತೂಗುಹಾಕಿದ್ದ ಆರು ಫೋಟೋಗಳಿಗೆ ಬೊಂಬಾಯಿಯ ಯಾವ ನಟನೂ ನಟಿಯೂ ಸಹಿ ಮಾಡಿರಲಿಲ್ಲ. ಬೇರೆ ಬೇರೆ ಪೆನ್ನು ಹಿಡಿದು ನಾನೇ ಗೀಚಿದ್ದೆ. ಆರನೆಯದರ ಮೇಲೆ ಸಹಿಯ ಜೊತೆಗೆ ಒಂದು ಸಾಲನ್ನೂ ಬರೆದೆ. ಆ ಒಂದು ಸಾಲು ಇಲ್ಲದಿದ್ದರೆ ಉಳಿದದ್ದನ್ನೆಲ್ಲ ನಾನು ಇಷ್ಟು ಹೊತ್ತಿಗೆ ಮರೆತೇಬಿಡುತ್ತಿದ್ದೆನೇನೋ — ಅಂಥ ಮನುಷ್ಯ ನಾನು.

ಎಂಬತ್ತರ ದಶಕದ ನಡುವಿನ ಮಾತು. ನಾನು ನ್ಯಾಮತಿಯಲ್ಲಿ ಹಿಂದಿ ಮೇಷ್ಟ್ರು. ನಮ್ಮ ಬೀದಿಯ ಮೊದಲ ಟಿವಿ ನನ್ನ ಮನೆಗೇ ಬಂತು. ವಾರಕ್ಕೊಮ್ಮೆ ಒಂದು ಹಿಂದಿ ನಗೆ ಧಾರಾವಾಹಿ ಬರುತ್ತಿತ್ತು, ಒಂದೇ ನಲ್ಲಿಗೆ ಕಿತ್ತಾಡುವ ವಠಾರದ ಆರು ಮಂದಿಯ ಕಥೆ. ಬೀದಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದರು. ಯಾರಿಗೂ ಹಿಂದಿ ಬಾರದು. ನಾನು ಟಿವಿಯ ಪಕ್ಕ ಕುರ್ಚಿ ಹಾಕಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ. ಟಿವಿಯೊಳಗಿನವರು ನಕ್ಕು ಮುಗಿಸಿದ ಮೇಲೆ ನಮ್ಮ ಮನೆಯಲ್ಲಿ ನಗು ಏಳುತ್ತಿತ್ತು. ಕೆಲವು ಮಾತು ನನಗೂ ತಿಳಿಯುತ್ತಿರಲಿಲ್ಲ. ಆಗ ನನ್ನದೇ ಏನಾದರೊಂದು ಸೇರಿಸಿಬಿಡುತ್ತಿದ್ದೆ. ಅದಕ್ಕೂ ನಗುತ್ತಿದ್ದರು. ಸುಳ್ಳಿನ ರುಚಿ ನನಗೆ ಹತ್ತಿದ್ದು ಆ ಕುರ್ಚಿಯಲ್ಲೇ.

ಚಂದ್ರಮ್ಮನಿಗೆ ವಠಾರದ ದೊಡ್ಡಮ್ಮನ ಪಾತ್ರವೆಂದರೆ ಪ್ರಾಣ. ಎಲ್ಲರಿಗೂ ಬೈದು, ಆಮೇಲೆ ಎಲ್ಲರನ್ನೂ ಕರೆದು ಉಣಬಡಿಸುವ ದೊಡ್ಡಮ್ಮ. "ಮೇಷ್ಟ್ರೇ, ಆರೂ ಮಂದೀದು ಸಹಿ ಮಾಡಿದ ಫೋಟೋ ತರ್ಸಿಕೊಡಾಕೆ ಆಗ್ತದಾ?" ಎಂದು ಒಂದು ದಿನ ಕೇಳಿದಳು. ನಾನು ಬರೆದ ಹಿಂದಿಗೆ ಉತ್ತರ ಬಾರದೆ ಎಲ್ಲಿಗೆ ಹೋದೀತು ಎಂದು ಎಲ್ಲರೆದುರು ಜಂಬ ಕೊಚ್ಚಿಕೊಂಡು ಧಾರಾವಾಹಿಯವರಿಗೆ ಕಾಗದ ಬರೆದೆ. ಎರಡು ತಿಂಗಳಿಗೆ ಶಾಲೆಯ ವಿಳಾಸಕ್ಕೆ ಒಂದು ಲಕೋಟೆ ಬಂತು. ಒಳಗೆ ಆರು ಅಚ್ಚಿನ ಫೋಟೋಗಳು — ಸಹಿ ಇರಲಿಲ್ಲ.

ಹಾಗೆಯೇ ಕೊಟ್ಟಿದ್ದರೂ ಆಕೆ ಹಿಗ್ಗುತ್ತಿದ್ದಳು. ನನಗೆ ಮಾತ್ರ ಮಾನ ಹೋಗುತ್ತದೆ ಎನ್ನಿಸಿತು. ಸಹಿ ಮಾಡಿದೆ. ಒಂದೊಂದಾಗಿ, ಈಗಷ್ಟೇ ಅಂಚೆಯಲ್ಲಿ ಬಂತೆಂದು ಹೇಳಿ, ಆರನ್ನೂ ಕೊಟ್ಟೆ. ಕೊನೆಯದಾಗಿ ಕೊಟ್ಟದ್ದು ದೊಡ್ಡಮ್ಮನದು. ಅದರ ಮೇಲೆ ಹಿಂದಿಯಲ್ಲಿ ಬರೆದಿದ್ದೆ: ತಂಗಿ, ಬೊಂಬಾಯಿಗೆ ಬಂದರೆ ನಮ್ಮ ಮನೆಯಲ್ಲೇ ಇಳಿದುಕೋ. ಓದಿ ಹೇಳಿದಾಗ ಚಂದ್ರಮ್ಮ ಫೋಟೋವನ್ನು ಕಣ್ಣಿಗೊತ್ತಿಕೊಂಡಳು.

ಮರುವರ್ಷ ಆಕೆಯ ಗಂಡ ಬಸಣ್ಣನಿಗೆ ಗಂಟಲಲ್ಲಿ ಗಡ್ಡೆ ಎದ್ದಿತು. ದಾವಣಗೆರೆಯ ಡಾಕ್ಟರು ತಡಮಾಡಬೇಡಿ, ಬೆಂಗಳೂರಿಗಾದರೂ ಸರಿ ಬೊಂಬಾಯಿಗಾದರೂ ಸರಿ ಕರೆದುಕೊಂಡು ಹೋಗಿ ಎಂದರು. ಬೆಂಗಳೂರಿನಲ್ಲಿ ಬಸಣ್ಣನ ಅಣ್ಣನ ಮನೆ ಇತ್ತು. ಆದರೂ ಆಕೆ ನನ್ನ ಬಳಿ ಬಂದಳು.

"ಬೊಂಬಾಯಾಗೆ ದೊಡ್ಡಾಸ್ಪತ್ರೆ ಐತಂತೆ. ಅಲ್ಲಿ ದೊಡ್ಡಮ್ಮಾರೂ ಅದಾರೆ. ಕೈಯಾರೆ ಬರ್ದು ಕರ್ದಾರೆ, ಹೋಗದಿದ್ರೆ ಅವ್ರು ಹೆಂಗೆ ತಿಳ್ಕಂತಾರೆ? ಹೋಗ್ಲಾ ಮೇಷ್ಟ್ರೇ?"

ನಮ್ಮ ಕಡೆ ಹಾಗೆಯೇ. ಮನೆಗೆ ಬಾ ಎಂದು ಕರೆದವರ ಊರಿಗೆ ಹೋಗಿ ಬೇರೆ ಕಡೆ ಇಳಿದರೆ ಕರೆದವರಿಗೆ ಅವಮಾನ. ಆಕೆ ಆಗಲೇ ದೊಡ್ಡಮ್ಮನಿಗೊಂದು ರವಿಕೆ ಹೊಲಿದಿಟ್ಟಿದ್ದಳು, ಟಿವಿಯಲ್ಲಿ ನೋಡಿದ ಅಂದಾಜಿನ ಅಳತೆಯಲ್ಲಿ. ನನ್ನ ಹೆಂಡತಿ ಕಾಫಿ ತಂದು ಕೊಟ್ಟಳು. ಬೇಡ ಎಂಬ ಎರಡಕ್ಷರ ಸಾಕಿತ್ತು — ಅದು ಬಾಯಿಗೆ ಬಂತು ಕೂಡ —

"ಹೋಗಿ ಬನ್ನಿ, ಒಳ್ಳೇದಾಗ್ತದೆ" ಎಂದೆ.

ವಾರಪತ್ರಿಕೆಯೊಂದರಲ್ಲಿ ಆ ನಟಿಯ ಬಡಾವಣೆಯ ಹೆಸರು ಬಂದಿತ್ತು. ಅದನ್ನೂ ನಾನೇ ಚೀಟಿಯಲ್ಲಿ ಬರೆದುಕೊಟ್ಟೆ.

ಮುಂದಿನದು ಆಕೆಯೇ ಹೇಳಿದ್ದು. ಕೇಳಿ ಕೇಳಿ ಮನೆ ಹುಡುಕಿದ್ದಾರೆ. ವಾಚ್‌ಮನ್ ಒಳಗೆ ಬಿಟ್ಟಿಲ್ಲ. ಮಾರನೆಯ ದಿನ ನಟಿ ಕಾರು ಹತ್ತುವಾಗ ಚಂದ್ರಮ್ಮ ಫೋಟೋ ಮುಂದೆ ಹಿಡಿದಿದ್ದಾಳೆ. ಆಕೆ ನೋಡಿ, ಇದು ನನ್ನ ಅಕ್ಷರವಲ್ಲ ಎಂದಳಂತೆ. ಕನ್ನಡ ಬಲ್ಲ ಡ್ರೈವರೊಬ್ಬ ತಿಳಿಸಿ ಹೇಳಿದ. ಆಸ್ಪತ್ರೆಯಲ್ಲಿ ಸರದಿ ಬರಲು ಇನ್ನೂ ದಿನಗಳಿದ್ದವು. ಎದುರಿನ ಫುಟ್‌ಪಾತಿನಲ್ಲಿ ಆರು ದಿನ ಮಲಗಿದರು. ಬಸಣ್ಣನಿಗೆ ಜ್ವರ ಏರಿತು, ಸರದಿಗೆ ಮೊದಲೇ ವಾಪಸು ಹೊರಟರು. ಬೆಂಗಳೂರಿಗೆ ಕರೆದೊಯ್ಯುವ ಹೊತ್ತಿಗೆ ಆತ ಗಂಜಿಯನ್ನೂ ನುಂಗಲಾರ. ಒಂದೂವರೆ ತಿಂಗಳಲ್ಲಿ ತೀರಿಕೊಂಡ. ಮೊದಲೇ ಬೆಂಗಳೂರಿಗೆ ಹೋಗಿದ್ದರೆ ಬದುಕುತ್ತಿದ್ದನೇ — ಗೊತ್ತಿಲ್ಲ. ಗೊತ್ತಿಲ್ಲ ಎಂಬುದರ ಹಿಂದೆ ಇಷ್ಟು ವರ್ಷ ಅಡಗಿಕೊಂಡಿದ್ದೇನೆ.

ತಿಥಿ ಮುಗಿದ ಮೇಲೆ ಆಕೆ ನಮ್ಮ ಮನೆಗೆ ಬಂದು ಆ ಫೋಟೋವನ್ನು ನನ್ನ ಮುಂದಿಟ್ಟಳು. "ತಾನೇ ಬರ್ದು ತಂದಲ್ಲ ಅಂದ್ಲಲ್ಲ ಮೇಷ್ಟ್ರೇ. ಹಿಂಗೂ ಇರ್ತಾರಾ ಮನುಷ್ಯರು?"

ಆಗಲಾದರೂ ಹೇಳಬಹುದಿತ್ತು. "ದೊಡ್ಡೋರೆಲ್ಲ ಹಂಗೇನೇ ಚಂದ್ರಮ್ಮ" ಎಂದೆ.

ನಿಜ ಹೇಳಿದ ಆ ನಟಿಯನ್ನು ಸುಳ್ಳುಗಾರ್ತಿಯನ್ನಾಗಿ ಮಾಡಿದೆ. ಚಂದ್ರಮ್ಮ ತಲೆಯಾಡಿಸಿ, "ನೀವೊಬ್ರು ನಮ್ ಸಲುವಾಗಿ ಇಷ್ಟು ಓಡಾಡಿದ್ರಿ" ಎಂದು ಆ ರವಿಕೆಯನ್ನು ನನ್ನ ಹೆಂಡತಿಗೆ ಕೊಟ್ಟುಹೋದಳು. ಮುಂದೆ ಆಕೆ ನಮ್ಮ ಮನೆಗೆ ಟಿವಿ ನೋಡಲು ಬರಲಿಲ್ಲ. ಅಂಗಡಿಯ ಗೋಡೆಯಲ್ಲಿ ಆರು ಮೊಳೆಗಳು ಮಾತ್ರ ಉಳಿದಿದ್ದವು.

ನಾನು ಜಗಳೂರಿಗೆ ವರ್ಗ ಮಾಡಿಸಿಕೊಂಡೆ. ಮಾಡಿಸಿಕೊಂಡೆ ಎಂದೇ ಬರೆಯುತ್ತೇನೆ. ಆಯಿತು ಎಂದು ಈವರೆಗೆ ಹೇಳಿಕೊಂಡು ಬಂದದ್ದೂ ಸುಳ್ಳು. ರವಿಕೆ ನನ್ನ ಹೆಂಡತಿಗೆ ಸರಿಯಾಗಿ ಕೂತಿತು. ಆಕೆ ಅದನ್ನು ಹಾಕಿಕೊಂಡ ದಿನಗಳಲ್ಲಿ ನಾನು ಶಾಲೆಗೆ ಬೇಗ ಹೊರಟುಬಿಡುತ್ತಿದ್ದೆ.

ಚಂದ್ರಮ್ಮ ಇನ್ನೂ ನ್ಯಾಮತಿಯಲ್ಲೇ ಇದ್ದಾಳೆ, ಕಣ್ಣು ಮಂಜಾದರೂ ಹೊಲಿಯುತ್ತಾಳೆ ಎಂದು ಕೇಳಿದ್ದೇನೆ. ನಾಳೆಯ ಬಸ್ಸಿಗೆ ಹೊರಡುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಅದನ್ನು ಕೇಳುವ ಮುಖ ನನಗಿಲ್ಲ. ಬರೆದ ಈ ಕಾಗದವನ್ನು ಆಕೆಯ ಕೈಗೆ ಕೊಟ್ಟು ಎದುರಿಗೆ ನಿಂತಿರುತ್ತೇನೆ. ಕನ್ನಡದಲ್ಲಿದೆ, ಈ ಸಲ ನಾನು ಓದಿ ಹೇಳಬೇಕಾಗಿಲ್ಲ. ಕೆಳಗೆ ಸಹಿ ಮಾಡಿದ್ದೇನೆ, ನನ್ನ ಹೆಸರಿನಲ್ಲಿ.