ಮಗ್ಗ ನಿಂತಾಗ ಕೇಳಿಸಿದ ಹಾಡು

ರಾಕ್ ಸಂಗೀತದ ವಿಷಯದಲ್ಲಿ ನಾನು ತೀರಾ ದಡ್ಡಿ. ಆದರೂ ಬೆಳಿಗ್ಗೆ ಸೊಪ್ಪು ಬಿಡಿಸುತ್ತ ಕೂತರೆ ಬಾಯಿಗೆ ಬರುವುದು ಒಂದು ರಾಕ್ ಹಾಡೇ. ಇಪ್ಪತ್ತು ವರ್ಷದ ಹಿಂದೆ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ತಮ್ಮ ಮಂಜುನಾಥ ಕಟ್ಟಿದ್ದು. ಗಿಟಾರು ಅವನದು, ಜೊತೆಯ ದನಿ ಅವನು ಮೆಚ್ಚಿದ ಹುಡುಗಿ ಶೋಭಳದು, ತಾಳ ಮಾತ್ರ ನಮ್ಮ ನಾಲ್ಕು ಪವರ್‌ಲೂಮ್‌ಗಳದು. ‘ನೀನಿದ್ದರೆ ಉರಿ, ಇಲ್ಲದಿದ್ದರೆ ಚಳಿ’ ಎಂದು ಅವನು ಕೂಗುವುದು, ‘ಹಾಗಾದರೆ ಹೊಸ್ತಿಲಲ್ಲೇ ನಿಲ್ಲಲೇನು’ ಎಂದು ಅವಳು ಕೇಳುವುದು.

ಅದನ್ನು ನಾವೆಲ್ಲ ಪ್ರೇಮಗೀತೆ ಎಂದುಕೊಂಡೆವು. ಮಗ್ಗದ ಸದ್ದಿನ ಮನೆಯಲ್ಲಿ ಕಾಫಿ ಬೇಕೇ ಎಂದು ಕೇಳುವುದಕ್ಕೂ ಗಂಟಲು ಹರಿದುಕೊಳ್ಳಬೇಕು. ಹೀಗಾಗಿ ಅವರಿಬ್ಬರೂ ಎದುರುಬದುರು ನಿಂತು ಕಿರುಚುತ್ತಿದ್ದರೆ, “ಎಷ್ಟ್ ಮಾತಾಡ್ತವೆ ನೋಡೇ, ಒಂದ್ ಗಳಿಗೆ ಬಿಟ್ಟಿರಲ್ಲ!” ಎಂದು ಅಮ್ಮ ನನ್ನ ಕಿವಿಯಲ್ಲಿ ಕೂಗಿ ಹಿಗ್ಗುತ್ತಿದ್ದಳು.

ತಾಂಬೂಲ ಬದಲಾಯಿಸುವ ದಿನ ಬಂತು. ಸೀರೆ ಕೊಡುವ ಗಡುವಿತ್ತೆಂದು ಅಂದೂ ಮಗ್ಗ ನಿಲ್ಲಿಸಿರಲಿಲ್ಲ. ಹೆಣ್ಣಿನವರು ಚಾಪೆಯ ಮೇಲೆ ಕೂತು, ಅಮ್ಮ ತಟ್ಟೆಗೆ ಎಲೆ ಅಡಿಕೆ ಜೋಡಿಸುವಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ತಣ್ಣಗಾದವು. ಹಿತ್ತಲಿನಲ್ಲಿದ್ದ ಶೋಭ, ಮಂಜುನಾಥ ಇಬ್ಬರೂ ಅಭ್ಯಾಸಬಲದಿಂದ ಕೂಗುತ್ತಲೇ ಇದ್ದರು.

“ನಿನ್ ಜೊತೆ ಹಾಡ್ಬೋದು ಕಣೋ, ಬಾಳಕ್ಕಾಗಲ್ಲ!”

“ನಂಗೂ ಗೊತ್ತು ಕಣೇ! ಹೇಳಕ್ಕೆ ಧೈರ್ಯ ಇರ್ಲಿಲ್ಲ, ಅಷ್ಟೇ!”

ಅಮ್ಮನ ಕೈ ತಟ್ಟೆಯ ಮೇಲೆಯೇ ನಿಂತಿತು. ಕೊನೆಗೆ ಶೋಭಳ ತಂದೆ, “ಬಿಡಿ ಅಮ್ಮಾ, ಕರೆಂಟು ಹೋಗಿದ್ದೇ ಒಳ್ಳೇದಾಯ್ತು” ಎಂದು ಟವೆಲು ಕೊಡವಿ ಎದ್ದರು.

ಹಳೆಯ ಕಾವ್ಯಗಳಲ್ಲಿ ದೂರವಾದ ಪ್ರೇಮಿಗಳಿಗೆ ಗಂಧ, ತಾವರೆಯೆಲೆ, ಬೆಳದಿಂಗಳು ಎಂದು ಏನೆಲ್ಲ ಉಪಚಾರ ಉಂಟು. ಹತ್ತಿರವಿದ್ದೂ ಒಗ್ಗದವರಿಗೆ ಕವಿಗಳು ಒಂದು ಕಷಾಯವನ್ನೂ ಬರೆದಿಟ್ಟಿಲ್ಲ. ಕಾಲವೇ ಏನೋ ಮಾಡಿತು. ಇಬ್ಬರಿಗೂ ಬೇರೆ ಬೇರೆ ಕಡೆ ಸಂಸಾರವಾಯಿತು, ಚೆನ್ನಾಗಿಯೂ ಇದ್ದಾರೆ.

ಮೊನ್ನೆ ನೆಲಮಂಗಲದ ತರಕಾರಿ ಅಂಗಡಿಯಲ್ಲಿ ಶೋಭ ಸಿಕ್ಕಳು. ಅವರೆಕಾಯಿಯ ಸೊಗಡು ಮೂಸುತ್ತ ಕೇಳಿದಳು, “ಅಕ್ಕಾ, ನಿಮ್ ತಮ್ಮ ಈಗ್ಲೂ ಹಾಡ್ತಾನಾ?”

“ಹಾಡ್ತಾನೆ ಕಣೇ. ನಿನ್ ಸಾಲು ಬಂದಾಗ ಮಾತ್ರ ಬಾಯ್ಮುಚ್ಕೊಂಡು ಗಿಟಾರ್ ಬಾರಿಸ್ತಾನೆ.”

“ಅಯ್ಯೋ! ಆ ಬಾಯ್ಮುಚ್ಚೋದೊಂದನ್ನ ಆವಾಗ್ಲೇ ಕಲ್ತಿದ್ರೆ...” ಎಂದು ಗಟ್ಟಿಯಾಗಿ ನಕ್ಕಳು. ನಾಲ್ಕು ಕಾಯಿ ಆರಿಸಿ ಚೀಲಕ್ಕೆ ಹಾಕಿಕೊಂಡ ಮೇಲೆ ತಾನೇ ತಿದ್ದಿಕೊಂಡಳು: “ಬ್ಯಾಡ ಬಿಡಿ ಅಕ್ಕ. ಆವಾಗ ಹಾಡೇ ಹುಟ್ತಿರ್ಲಿಲ್ಲ.”