ಓಸ್ನಕ್ಕ ಬಡಿದ ಚಮಚ

ಬೆಟ್ಟಗಳ ನಡುವೆ ಕಡಲು ಒಳಚಾಚಿದ ಹಾರ್ಡಾಂಗರ್ ಫ್ಯೋರ್ಡಿನ ನಮ್ಮ ದಂಡೆಯಲ್ಲಿ ಚಮಚ, ಚಾಕು, ಫೋರ್ಕುಗಳನ್ನು ಕೈಯಲ್ಲೇ ಬಡಿದು ಮಾಡುತ್ತಿದ್ದವಳು ಓಸ್ನಕ್ಕ. ಅವಳ ಅಪ್ಪನೂ ಅದೇ ಕಸುಬಿನವನು. ಅವನು ಇರುವತನಕ ಅವಳಿಗೆ ಸಿಕ್ಕಿದ್ದು ಹೊಳಪು ಕೊಡುವ ಕೆಲಸ ಮಾತ್ರ. ಅಣ್ಣಂದಿರು ತಿಮಿಂಗಿಲ ಬೇಟೆಯ ಹಡಗು ಹತ್ತಿ ಹೋಗಿದ್ದರು. ಅಪ್ಪ ತೀರಿಕೊಂಡ ಮೇಲೆ ಅವಳು ಯಾರನ್ನೂ ಕೇಳದೆ ಸುತ್ತಿಗೆ ಕೈಗೆತ್ತಿಕೊಂಡಳು. ಹೆಂಗಸು ಬಡಿದ ಚಾಕು ಬೆಣ್ಣೆಯನ್ನಾದರೂ ಕೊಯ್ದೀತೇ ಎಂದು ದೋಣಿಕಟ್ಟೆಯಲ್ಲಿ ಗಂಡಸರು ಆಡಿಕೊಂಡರು. ಕೆಲವೇ ವರ್ಷಗಳಲ್ಲಿ ಅವರ ಹೆಂಡತಿಯರೇ ಅವಳ ಬಾಗಿಲಿಗೆ ಬಂದರು. ಪ್ರತಿ ಚಮಚದ ಅಂಚನ್ನೂ ಅವಳು ತನ್ನ ಕೆಳತುಟಿಯ ಮೇಲೆ ಎಳೆದು ನೋಡುತ್ತಿದ್ದಳು. ತುಟಿ ಒಪ್ಪದಿದ್ದರೆ ಮತ್ತೆ ಅರ ಹಿಡಿಯುತ್ತಿದ್ದಳು.

ನನ್ನ ಸೋದರಮಾವ ಐಲರ್ಟ್ ಮೀನು ಹಿಡಿಯಲು ಉತ್ತರಕ್ಕೆ ಹೋದವನು, ದೋಣಿ ಮಗುಚಿ, ಚಳಿಗೆ ಎರಡೂ ಕೈಯ ಬೆರಳು ಕಳೆದುಕೊಂಡು ಬಂದ. ಅಂದಿನಿಂದ ನನ್ನ ಅಮ್ಮ ಗೂರೋ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಅವನಿಗೆ ತಿನ್ನಿಸುತ್ತಿದ್ದಳು. ಯಾರ ಮನೆಯ ಮೇಜಿಗೂ ಅವನು ಕೂರುತ್ತಿರಲಿಲ್ಲ.

ನನ್ನ ಮದುವೆ ಗೊತ್ತಾಯಿತು. ಮದುವೆಯೂಟದ ಮೇಜಿಗೆ ಅಪ್ಪನಿಲ್ಲದ ನನ್ನ ಪಕ್ಕದಲ್ಲಿ ಕೂರಬೇಕಾದವನು ಮಾವನೇ. ಬರುವುದಿಲ್ಲ ಅಂದುಬಿಟ್ಟ. ನಾನು ಓಸ್ನಕ್ಕನ ಕುಲುಮೆಗೆ ಹೋಗಿ ಅತ್ತೆ. ಅವಳು ಸಮಾಧಾನ ಹೇಳಲಿಲ್ಲ, ಜೇಡಿಮಣ್ಣಿನ ಮುದ್ದೆ ಹಿಡಿದು ನಮ್ಮ ಮನೆಗೆ ಬಂದಳು.

"ಹಿಡಿಯೋಕೆ ನನ್ನ ಹತ್ರ ಏನು ಉಳಿದಿದೆ, ಓಸ್ನೆ?" ಅಂದ ಮಾವ.

"ಅಂಗೈ ಇದೆಯಲ್ಲ ಮಾರಾಯ. ಒತ್ತು ಇದನ್ನ."

ಆ ಅಚ್ಚಿನಿಂದ ಬಡಿದ ಮೊದಲ ಚಮಚ ಅಂಗೈಗೇನೋ ಸರಿಯಾಗಿ ಕೂತಿತು. ಬಾಯಿಯ ಹತ್ತಿರ ಬರುವಾಗ ಮಗುಚಿ, ಬಿಸಿ ಗಂಜಿ ಮಾವನ ಎದೆಯ ಮೇಲೆ ಚೆಲ್ಲಿತು. ಅವನು ಎದ್ದು ಕೋಣೆ ಸೇರಿದ.

ಆಮೇಲೆ ಓಸ್ನಕ್ಕ ಹೊರಗೆ ಕಾಣಿಸಲೇ ಇಲ್ಲ. ವಿಚಾರಿಸಲು ಹೋದಾಗ ಅಡುಗೆಮನೆಯಲ್ಲಿ ಒಬ್ಬಳೇ ಊಟಕ್ಕೆ ಕೂತಿದ್ದಳು. ಎರಡೂ ಕೈಯ ಬೆರಳುಗಳನ್ನು ಮಡಿಸಿ, ಮೇಲೆ ಬಟ್ಟೆ ಸುತ್ತಿ, ಹಲ್ಲಿನಿಂದ ಗಂಟು ಎಳೆದುಕೊಂಡಿದ್ದಳು. ರವಿಕೆಯೆಲ್ಲ ಮೀನಿನ ಸಾರು.

"ಇದೇನು ಓಸ್ನಕ್ಕ?"

"ಬೆರಳಿದ್ದವಳಿಗೆ ಇದು ಹೊಳೆಯಲ್ಲ ಮಗಾ. ಕೈ ತಿರುಗೋ ರೀತಿನೇ ಬೇರೆ. ಆ ಗಂಜಿ ಚೆಲ್ಲಿದಾಗಿಂದ ಹೀಗೇ ಉಣ್ತಿದೀನಿ."

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇನ್ನೊಬ್ಬರ ತುತ್ತಿನ ಕಷ್ಟ ತಿಳಿಯಲೆಂದು ತನ್ನ ಕೈಯನ್ನೇ ಕಟ್ಟಿಹಾಕಿಕೊಂಡವರನ್ನು ನಾನು ಅದುವರೆಗೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಓಸ್ನಕ್ಕ ಇನ್ನೊಂದು ಚಮಚ ಬಡಿದುಕೊಟ್ಟ ಮೇಲೆ ಮಾವ ಒಪ್ಪಿದ, ಮದುವೆಯ ದಿನ ನನ್ನ ಪಕ್ಕದಲ್ಲಿ ಕೂತ. ಹೊಸ ಚಮಚ ಬೆಳ್ಳಿಯದು. ಅದರ ಹಿಡಿ ಬಳೆಯ ಹಾಗೆ ಬಾಗಿ ಅಂಗೈಯನ್ನು ತಬ್ಬಿತ್ತು. ತುದಿಯ ಬಟ್ಟಲು ಬಾಯಿಯ ಕಡೆಗೆ ಓರೆಯಾಗಿತ್ತು. ಹುಳಿಕೆನೆಯ ಗಂಜಿ ಬಡಿಸಿದರು, ಮೇಲೆ ಕರಗಿದ ಬೆಣ್ಣೆ. ಮಾವನ ಕೈ ಮೇಲೇಳುತ್ತಿದ್ದಂತೆ ಪಿಟೀಲು ನುಡಿಸುವವನೂ ಕಮಾನು ಇಳಿಸಿದ. ಒಂದು ತೊಟ್ಟೂ ಚೆಲ್ಲಲಿಲ್ಲ.

ಮಾವ ನುಂಗಿ, ಅಮ್ಮನ ಕಡೆ ತಿರುಗಿದ. "ಗೂರೋ, ಉಪ್ಪು ಕಮ್ಮಿ ಆಯ್ತು ಕಣೇ."

ಅಮ್ಮ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಓಸ್ನಕ್ಕ ತಲೆ ಎತ್ತದೆ ತನ್ನ ಗಂಜಿ ಉಣ್ಣುತ್ತಿದ್ದಳು.

ಸುದ್ದಿ ಹಬ್ಬಿತು. ಕೈ ನಡುಗುವವರು, ಗೆಣ್ಣು ಸೊಟ್ಟಗಾದವರು ಆಚೆ ದಂಡೆಯಿಂದ ದೋಣಿಯಲ್ಲಿ ಬಂದರು. ಒಬ್ಬೊಬ್ಬರಿಗಾಗಿಯೂ ಅವಳು ಮೊದಲು ತನ್ನ ಕೈಗೆ ಅವರವರ ಕೈಯಂಥದೇ ಅಡ್ಡಿ ಕಟ್ಟಿಕೊಂಡು ಉಂಡಳು, ಆಮೇಲೆ ಬಡಿದಳು. ಆ ಚಮಚಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ.